ಆಜ್ಞೆ ಬಂದಾಗ ಸೈನಿಕನ ಆಯ್ಕೆ



ಹರಳಯ್ಯ, ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಕೇಳುತ್ತಾ ಬೆಳೆದವರು ನಾವು. ಆಜ್ಞೆ ಬಿಜ್ಜಳನದು ಎನ್ನುತ್ತೇವೆ. ಹಗ್ಗ ಬಿಗಿದವರು ಯಾರು, ಆನೆ ನಡೆಸಿದವರು ಯಾರು ಎಂದು ಕೇಳುವುದಿಲ್ಲ. ರಾಜಭಟರು, ಹೇಳಿದ್ದನ್ನು ಮಾಡಿದರು ಎಂದು ಬಿಟ್ಟುಬಿಡುತ್ತೇವೆ. ಇವತ್ತು ಆ ಭಟರ ಜಾಗದಲ್ಲಿ ನಿಂತವನೊಬ್ಬನ ಮಾತು.

1930ರ ಏಪ್ರಿಲ್, ಪೇಶಾವರ. ನಾಯಕರ ಬಂಧನವನ್ನು ವಿರೋಧಿಸಿ ನಿರಾಯುಧ ಪಠಾಣರು ಕಿಸ್ಸಾ ಖ್ವಾನಿ ಬಜಾರಿನಲ್ಲಿ ಸೇರಿದ್ದರು. ಬ್ರಿಟಿಷರು ರಾಯಲ್ ಗಢವಾಲ್ ರೈಫಲ್ಸ್‌ನವರನ್ನು ಕಳಿಸಿದರು. ಅವರು ಹಿಂದೂಗಳು, ಮುಸ್ಲಿಮರ ಮೇಲೆ ಗುಂಡು ಹಾರಿಸಲು ಹಿಂಜರಿಯುವುದಿಲ್ಲ ಎಂಬ ಲೆಕ್ಕ. ಹವಾಲ್ದಾರ್ ಚಂದ್ರಸಿಂಗ್ ಗಢವಾಲಿ ಮತ್ತು ಸಂಗಡಿಗರು ಆ ಲೆಕ್ಕ ತಪ್ಪಿಸಿದರು. ಕೋವಿ ಎತ್ತಲಿಲ್ಲ. ಬೇರೆ ಪಡೆಗಳ ಗುಂಡಿಗೆ ಜನ ಸತ್ತರು, ಅದನ್ನು ಇವರಿಂದ ತಡೆಯಲಾಗಲಿಲ್ಲ. ಕೋರ್ಟ್ ಮಾರ್ಷಲ್ ಆಯಿತು. ಜೀವಾವಧಿ ಶಿಕ್ಷೆಗೊಳಗಾದ ಚಂದ್ರಸಿಂಗ್ ಹೊರಬಂದದ್ದು 1941ರಲ್ಲಿ.

ಗಾಂಧೀಜಿ ಇದನ್ನು ಮೆಚ್ಚಿರಬೇಕು ಎಂದುಕೊಳ್ಳುತ್ತೀರಿ. ಇಲ್ಲ. ಫ್ರೆಂಚ್ ಪತ್ರಕರ್ತರೊಬ್ಬರು ಕೇಳಿದಾಗ, ಗುಂಡು ಹಾರಿಸಲೊಲ್ಲದ ಸೈನಿಕ ತಾನು ಮಾಡಿದ ಪ್ರತಿಜ್ಞೆ ಮುರಿದಂತೆ, ನಾಳೆ ಅಧಿಕಾರ ನಮ್ಮ ಕೈಗೆ ಬಂದರೆ ಇದೇ ಸೈನಿಕರಿಂದ ಕೆಲಸ ತೆಗೆಯಬೇಕಲ್ಲ ಎಂಬರ್ಥದಲ್ಲಿ ಉತ್ತರಿಸಿದರು. ನನಗಿದು ಪೂರ್ತಿ ಒಪ್ಪಿಗೆಯಿಲ್ಲ. ತಳ್ಳಿಹಾಕಲೂ ಆಗದು. ನಿರಾಯುಧರನ್ನು ಕೊಲ್ಲೆನು ಎನ್ನುವ ಸ್ವಾತಂತ್ರ್ಯ ಕೊಟ್ಟರೆ, ಗಲಭೆಯಲ್ಲಿ ಬೇರೆ ಜಾತಿಯವರನ್ನು ಕಾಪಾಡೆನು ಎನ್ನುವವನೂ ಅದನ್ನೇ ಕೇಳುತ್ತಾನೆ.

ಸ್ವತಂತ್ರ ಭಾರತದ 1950ರ ಸೇನಾ ಕಾಯ್ದೆಯ 41ನೇ ಕಲಮು ಆಜ್ಞೆ ಮೀರಿದವನಿಗೆ ಶಿಕ್ಷೆ ವಿಧಿಸುತ್ತದೆ. ಆದರೆ ಬರೀ ಆಜ್ಞೆಯಲ್ಲ, ಕಾನೂನುಬದ್ಧ ಆಜ್ಞೆ. ಆ ಒಂದು ವಿಶೇಷಣದ ಮೇಲೆ ಇಡೀ ಕಟ್ಟಡ ನಿಂತಿದೆ. ನ್ಯೂರೆಂಬರ್ಗ್ ವಿಚಾರಣೆಯಲ್ಲೂ, ಮೇಲಿನವರು ಹೇಳಿದ್ದಕ್ಕೆ ಮಾಡಿದೆ ಎಂದವರನ್ನು ನ್ಯಾಯಾಲಯ ಅಷ್ಟಕ್ಕೇ ಬಿಡಲಿಲ್ಲ.

ಯಾವುದು ಕಾನೂನುಬದ್ಧ ಎಂದು ಆ ಕ್ಷಣದಲ್ಲಿ ತೂಗುವವರು ಯಾರು? ನಾನು ಇಂಜಿನಿಯರ್ ಆಗಿದ್ದಾಗ ಮೇಲಧಿಕಾರಿಯ ಬಾಯಿಮಾತಿನ ಆದೇಶ ಸರಿಕಾಣದಿದ್ದರೆ, "ಲಿಖಿತವಾಗಿ ಕೊಡಿ ಸರ್" ಎನ್ನಬಹುದಿತ್ತು. ಕಡತ ಎರಡು ದಿನ ಮೇಜಿನ ಮೇಲಿರುತ್ತಿತ್ತು. ಬಜಾರಿನಲ್ಲಿ ನಿಂತ ಹವಾಲ್ದಾರನಿಗೆ ಆ ಎರಡು ದಿನ ಎಲ್ಲಿ?

ನಮ್ಮ ಮಠಗಳಲ್ಲಿ ನಿವೃತ್ತ ಯೋಧರಿಗೆ ಶಾಲು ಹೊದಿಸಿ, ಹಾರ ಹಾಕಿ ಕಳಿಸುತ್ತೇವೆ. ಮುಂದಿನ ಸಲ ಅವರ ಕೈಗೆ ಮೈಕನ್ನೂ ಕೊಡೋಣ. ತರಬೇತಿಯಲ್ಲಿ ಈ ಕಾನೂನುಬದ್ಧ ಎಂಬ ಮಾತನ್ನು ಅವರಿಗೆ ಹೇಗೆ ಹೇಳಿಕೊಟ್ಟರು ಎಂದು ಕೇಳೋಣ. ಸೇನೆಗೆ ಸೇರಲು ಹೊರಟ ನಮ್ಮ ಹುಡುಗರು ಮುಂದಿನ ಸಾಲಿನಲ್ಲಿ ಕೂತಿರಲಿ.