ರಸ್ತೆಯ ಅಂಚು ಯಾರ ಸೊತ್ತು?

(ಮಧುಗಿರಿಯಲ್ಲಿ ವರ್ತಕರು, ಲಗೇಜ್ ಆಟೊ ಚಾಲಕರು ಮತ್ತು ಹಮಾಲರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಧುಗಿರಿಯವರಷ್ಟೇ ಅಲ್ಲ, ಶಿರಾ, ಕೊರಟಗೆರೆ, ಪಾವಗಡಗಳಿಂದಲೂ ತಾವು ಒಂದು ದಿನದ ದುಡಿಮೆಯನ್ನು ಬಿಟ್ಟು ಬಂದಿದ್ದೀರಿ. ಆದ್ದರಿಂದ ತಮ್ಮ ದುಡಿಮೆಗೆ ಸಂಬಂಧಿಸಿದ ವಿಷಯವನ್ನೇ ಪ್ರಸ್ತಾಪಿಸುವುದು ನಮ್ಮ ಕರ್ತವ್ಯ. ವಿಷಯ ತೀರ ಚಿಕ್ಕದೆಂದು ಕಾಣಬಹುದು. ಅದು ಅಂಗಡಿಯ ಮುಂದೆ, ಚರಂಡಿಗೂ ಡಾಂಬರಿಗೂ ನಡುವೆ ಇರುವ ಏಳೆಂಟು ಅಡಿ ನೆಲದ ವಿಷಯ. ಸರಕು ಇಳಿಯುವುದು ಅಲ್ಲಿ, ತಳ್ಳುಗಾಡಿ ನಿಲ್ಲುವುದು ಅಲ್ಲಿ, ಕಾರು ನಿಲ್ಲುವುದೂ ಅಲ್ಲಿಯೇ. ಈ ನೆಲ ಯಾರದು?

ಕೆಲವು ದಿನಗಳ ಹಿಂದೆ ಈ ಭಾಗದ ಒಂದು ಪಟ್ಟಣದ ಪೇಟೆ ಬೀದಿಯಲ್ಲಿ ನಾವು ನಿಂತಿದ್ದೆವು. ಲಗೇಜ್ ಆಟೊದವನೊಬ್ಬ ಕಿರಾಣಿ ಅಂಗಡಿಗೆ ಎಣ್ಣೆ ಡಬ್ಬಗಳನ್ನು ತಂದಿದ್ದ. ಅಂಗಡಿಯ ಮುಂದೆ ಎರಡು ಕಾರುಗಳು ಬೆಳಗಿನಿಂದಲೇ ನಿಂತಿದ್ದವು. ಬೇರೆ ದಾರಿಯಿಲ್ಲದೆ ಆತ ರಸ್ತೆಯ ಮೇಲೆಯೇ ಆಟೊ ನಿಲ್ಲಿಸಿ ಡಬ್ಬ ಇಳಿಸತೊಡಗಿದ. ಹತ್ತು ನಿಮಿಷವೂ ಕಳೆದಿರಲಿಲ್ಲ, ದಂಡ ಬಿತ್ತು. ಅವನ ಅಂದಿನ ಬಾಡಿಗೆಯ ಬಹುಪಾಲು ಅಲ್ಲಿಗೇ ಮುಗಿಯಿತು. ಕಾರುಗಳನ್ನು ಮಾತ್ರ ಯಾರೂ ಕೇಳಲಿಲ್ಲ. "ಮಾಲು ಎಲ್ಲಿ ಇಳಿಸಬೇಕು ಅಂತ ಒಂದು ಬೋರ್ಡಾದರೂ ಹಾಕಿಸಿ ಅಣ್ಣಾ" ಎಂದು ಆತ ನಮ್ಮನ್ನು ಕೇಳಿದ. ಆ ಬೋರ್ಡಿನ ಕುರಿತೇ ಇಂದು ನಾವು ಯೋಚಿಸಬೇಕಾಗಿದೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಪ್ರಕಾರ ನಗರಸಭೆಯಿರಲಿ, ಪುರಸಭೆಯಿರಲಿ, ಪಟ್ಟಣ ಪಂಚಾಯಿತಿಯಿರಲಿ, ಊರಿನ ಸಾರ್ವಜನಿಕ ಬೀದಿಗಳು ಜನರ ಪರವಾಗಿ ಅದರ ವಶದಲ್ಲಿರುತ್ತವೆ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮು, ವಾಹನಗಳು ಎಲ್ಲಿ, ಎಷ್ಟು ಹೊತ್ತು ನಿಲ್ಲಬಹುದೆಂಬುದನ್ನು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ಗೊತ್ತುಪಡಿಸಲು ಅವಕಾಶ ನೀಡುತ್ತದೆ. ನಮ್ಮ ರಾಜ್ಯದಲ್ಲಿ ಜಿಲ್ಲಾಧಿಕಾರಿಗಳು ಇಂತಹ ಅಧಿಸೂಚನೆಗಳನ್ನು ಹೊರಡಿಸುವ ರೂಢಿಯಿದೆ. ಅಂದರೆ ಅಧಿಕಾರವೂ ಇದೆ, ದಾರಿಯೂ ಇದೆ. ಕೇಳುವವರು ಬೇಕಾಗಿದ್ದಾರೆ.

ರಸ್ತೆ ಎಲ್ಲರದು ಎನ್ನುವಾಗ ಅದು ಬಲ್ಲಿದನದು ಎಂಬ ಅರ್ಥ ಬಾರದಂತೆ ನೋಡಿಕೊಳ್ಳಬೇಕಾದುದು ಆಡಳಿತದ ಹೊಣೆ. ಒಂದು ಕಾರು ನಿಲ್ಲಲು ಸುಮಾರು 12 ಚದರ ಮೀಟರ್ ನೆಲ ಬೇಕು. ತಳ್ಳುಗಾಡಿಗೆ ಎರಡು ಮೂರು ಚದರ ಮೀಟರ್ ಸಾಕು. ಸಂತೆಯಲ್ಲಿ ಸೊಪ್ಪು ಮಾರುವ ತಾಯಿ ತಾನು ಕುಳಿತ ಗೋಣಿಯಗಲ ನೆಲಕ್ಕೆ ಸುಂಕ ಕೊಟ್ಟು ಚೀಟಿ ಪಡೆಯುತ್ತಾಳೆ. ಲಕ್ಷಾಂತರ ರೂಪಾಯಿಯ ಕಾರು ಪೇಟೆಯ ನಟ್ಟನಡುವೆ ಇಡೀ ದಿನ ಪುಕ್ಕಟೆಯಾಗಿ ನಿಲ್ಲುತ್ತದೆ. ಇದು ಯಾವ ನ್ಯಾಯ? ನಗರಗಳ ನೆಲ ಅಮೂಲ್ಯವಾದುದು, ವಾಹನ ನಿಲುಗಡೆಯ ಶುಲ್ಕ ಆ ಬೆಲೆಗೆ ತಕ್ಕಂತಿರಬೇಕು ಎಂದು ಕೇಂದ್ರ ಸರಕಾರದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲಿಯೇ ಹೇಳಿತ್ತು. ಜಪಾನ್ 1962ರಲ್ಲೇ ಕಾನೂನು ಮಾಡಿ, ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ರಸ್ತೆಯ ಹೊರಗೆ ಜಾಗವಿದೆಯೆಂದು ಮೊದಲು ತೋರಿಸಬೇಕೆಂದಿತು.

ಇನ್ನೊಂದು ಶುಲ್ಕ, ಇನ್ನೊಂದು ಪರವಾನಗಿ ಏಕೆ ಎಂದು ವರ್ತಕ ಬಂಧುಗಳು ಕೇಳಬಹುದು. ಉದ್ದಿಮೆ ಪರವಾನಗಿಗಾಗಿ ಕಚೇರಿಯ ಮೆಟ್ಟಿಲು ಹತ್ತಿಳಿದ ಆಯಾಸ ನಮಗೂ ತಿಳಿದಿದೆ. ಆದರೆ ಪರವಾನಗಿ ಇಲ್ಲದ ಕಡೆ ಏನೂ ಕೊಡುವುದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ? ಲಿಖಿತ ನಿಯಮವಿಲ್ಲದ ಕಡೆ ಮಾಮೂಲು ಹುಟ್ಟುತ್ತದೆ. ಮಾಮೂಲಿಗೆ ರಸೀದಿಯಿಲ್ಲ, ಮಿತಿಯಿಲ್ಲ, ಮೇಲ್ಮನವಿಯಿಲ್ಲ. ನಿಯಮವಿಲ್ಲದಿರುವುದು ಉಳ್ಳವನಿಗೆ ಸ್ವಾತಂತ್ರ್ಯ, ಬಡವನಿಗೆ ಭಯ. ಸಂಖ್ಯೆ, ಸಮಯ, ಸ್ಥಳ ಬರೆದಿರುವ ಒಂದು ಕಾಗದವೇ ಲಗೇಜ್ ಆಟೊದವನ ಕೈಯಲ್ಲಿರುವ ರಕ್ಷಣೆ.

ಆದ್ದರಿಂದ ನಾವು ಕೇಳಬೇಕಾದುದು ಇಷ್ಟು. ಮೊದಲು ಒಂದು ವಾರ ಪೇಟೆ ಬೀದಿಯಲ್ಲಿ ನಿಂತು, ಯಾವ ಅಂಗಡಿಗೆ ಯಾವ ಹೊತ್ತಿನಲ್ಲಿ ಎಷ್ಟು ವಾಹನ ಬರುತ್ತದೆಂದು ಬರೆದುಕೊಳ್ಳಲಿ. ಅನಂತರ ಪ್ರತಿ ಬೀದಿಯಲ್ಲೂ ಸರಕು ಇಳಿಸುವ ಜಾಗವನ್ನು ಬಣ್ಣ ಬಳಿದು ಗುರುತಿಸಲಿ. ಲಾರಿಗಳಿಗೆ ಮುಂಜಾನೆ ಮತ್ತು ರಾತ್ರಿ, ಚಿಕ್ಕ ವಾಹನಗಳಿಗೆ ಹಗಲಿನಲ್ಲಿ ಅರ್ಧ ಗಂಟೆ ಎಂದು ಸಮಯ ಗೊತ್ತಾಗಲಿ. ಶುಲ್ಕ ವಾಹನದ ಗಾತ್ರಕ್ಕೆ ತಕ್ಕಂತಿರಲಿ, ಕೈಗಾಡಿಗೆ ಬೇಡವೇ ಬೇಡ. ಪರವಾನಗಿ ಪಡೆದವರ ಪಟ್ಟಿಯನ್ನು ಕಚೇರಿಯ ಫಲಕದಲ್ಲಿ ತೂಗುಹಾಕಲಿ. ಬಂದ ಹಣದಿಂದ ಚರಂಡಿಯ ಕಲ್ಲುಚಪ್ಪಡಿ, ಹಮಾಲರಿಗೆ ಕುಡಿಯುವ ನೀರು, ನೆರಳು, ಶೌಚಾಲಯ ಆಗಲಿ.

ಸರಕಿಗೆ ಜಾಗ ಗುರುತಿಸುವ ನೆಪದಲ್ಲಿ ಬೀದಿ ವ್ಯಾಪಾರಿಗಳನ್ನು ಒಕ್ಕಲೆಬ್ಬಿಸುವುದನ್ನು ನಾವು ಒಪ್ಪಲಾರೆವು. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯು ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದೆಂದಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳು ವ್ಯಾಪಾರಿಗಳು ತಾವೇ ಆರಿಸಿದ ಪ್ರತಿನಿಧಿಗಳದು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ರಸ್ತೆಯಂಚಿನ ಯಾವುದೇ ನಕ್ಷೆ ಆ ಸಮಿತಿಯ ಮುಂದೆ ಬಂದ ನಂತರವೇ ಜಾರಿಯಾಗಲಿ.

ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ವ್ಯಾಲೆ ಪಾರ್ಕಿಂಗ್ ಎಂಬ ಪದ್ಧತಿಯಿದೆ. ಅತಿಥಿ ಬಾಗಿಲಲ್ಲೇ ಕೀಲಿಕೈ ಕೊಡುತ್ತಾನೆ, ನೌಕರ ಕಾರನ್ನು ಒಯ್ದು ನಿಲ್ಲಿಸುತ್ತಾನೆ. ನಮ್ಮ ಪಟ್ಟಣಗಳಲ್ಲಿ ಅದರ ಚಿಕ್ಕ ರೂಪ ಮದುವೆ ಮಹಲಿನ ಮುಂದೆ ಸೀಟಿ ಊದುವ ಹುಡುಗ. ಅವನು ಕಾರು ನಿಲ್ಲಿಸುವುದೆಲ್ಲಿ? ಅದೇ ಸಾರ್ವಜನಿಕ ರಸ್ತೆಯಲ್ಲಿ! ಬಾಡಿಗೆ ಮಹಲಿನವರಿಗೆ, ತೊಂದರೆ ಬೀದಿಯವರಿಗೆ. ಸ್ವಂತ ನಿಲುಗಡೆ ಜಾಗ ತೋರಿಸಿದವರಿಗೆ ಮಾತ್ರ ಇಂತಹ ಸೇವೆಗೆ ಅನುಮತಿ ಸಿಗಬೇಕು. 1998ರಲ್ಲಿ ದೆಹಲಿಯ ಪಂಚತಾರಾ ಹೋಟೆಲೊಂದರಲ್ಲಿ ಹೀಗೆ ಒಪ್ಪಿಸಿದ ಕಾರು ಕಳುವಾಯಿತು. ಚೀಟಿಯಲ್ಲಿ 'ಮಾಲೀಕರದೇ ಹೊಣೆ' ಎಂದು ಮುದ್ರಿಸಿದ ಮಾತ್ರಕ್ಕೆ ತನ್ನ ನಿರ್ಲಕ್ಷ್ಯದಿಂದ ಹೋಟೆಲು ಪಾರಾಗದೆಂದು ಸುಪ್ರೀಂ ಕೋರ್ಟು 2019ರಲ್ಲಿ ತೀರ್ಪಿತ್ತಿತು. ಒಪ್ಪಿಸಿಕೊಂಡ ವಸ್ತು ಅಮಾನತ್ತು. ಹಾಗೆಯೇ ಊರಿನ ರಸ್ತೆಯೂ ನಮ್ಮೆಲ್ಲರ ಕೈಗೆ ಕೊಟ್ಟ ಅಮಾನತ್ತಲ್ಲವೇ?

ಕೊನೆಯಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಶುಕ್ರವಾರ ಮಸೀದಿಯ ಮುಂದೆ ಬೈಕುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ನಮಾಝಿಗೆ ಒಳಗೆ ಹೋಗುವವರು ನಾವೇ ಅಲ್ಲವೇ? ಆ ಹೊತ್ತಿನಲ್ಲಿ ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದೊಯ್ಯುವ ವಾಹನ ಬಂದರೆ ಏನಾಗಬಹುದು? ದಾರಿಯಲ್ಲಿ ಕೂರುವವರು ದಾರಿಯ ಹಕ್ಕನ್ನು ಸಲ್ಲಿಸಬೇಕೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಪುರಸಭೆಗೆ ಅರ್ಜಿ ಬರೆಯುವ ಮೊದಲು ಮಸೀದಿಯ ಅಂಗಳದಲ್ಲಿ, ಮದುವೆ ಮಹಲಿನ ಬಾಗಿಲಲ್ಲಿ, ನಮ್ಮ ಸ್ವಂತ ಅಂಗಡಿಯ ಮುಂದೆ ಆ ಹಕ್ಕನ್ನು ಸಲ್ಲಿಸೋಣ. ಆಗ ನಮ್ಮ ಅರ್ಜಿಗೂ ತೂಕ ಬರುತ್ತದೆ.

ನಾಲ್ಕೂ ಪಟ್ಟಣಗಳಿಂದ ಒಂದೊಂದು ಅರ್ಜಿ ಸ್ಥಳೀಯ ಸಂಸ್ಥೆಗೂ ಜಿಲ್ಲಾಧಿಕಾರಿಗಳಿಗೂ ಹೋಗಲಿ. ಅದರಲ್ಲಿ ವರ್ತಕರ ಸಹಿಯ ಕೆಳಗೆ ಹಮಾಲರ ಹೆಬ್ಬೆಟ್ಟೂ ಇರಲಿ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಯಾರೂ ಹೊರಬರಬೇಡಿ.