ಫೋಟೋ ತೆಗೆಯಲು ಎಲ್ಲಿಗೆ ಹೋಗೋಣ?



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಮೆಟ್ರಿಕ್‌ವರೆಗೆ ಮಾತ್ರ. ಫೋಟೋಗ್ರಫಿಯ ಬಗ್ಗೆ ಮಾತಾಡಲು ಈತನಿಗೇನು ಅಧಿಕಾರ ಎಂದು ನೀವು ಕೇಳಬಹುದು, ಕೇಳಬೇಕಾದ ಮಾತೇ. ನಲವತ್ತು ವರ್ಷ ಕ್ಯಾಮೆರಾ ಹಿಡಿದು ಬೇಕಾದಷ್ಟು ತಪ್ಪು ಮಾಡಿದ್ದೇನೆ. ನನ್ನ ಅಧಿಕಾರ ಅಷ್ಟೇ.

ಹೋದ ಸಂಕ್ರಾಂತಿಗೆ ನಮ್ಮಕ್ಕನ ಮೊಮ್ಮಗ ಬೆಂಗಳೂರಿನಿಂದ ಆದವಾನಿಗೆ ಬಂದಿದ್ದ. ಕಂಪ್ಯೂಟರ್ ಕೆಲಸ, ಕೈತುಂಬ ಸಂಬಳ, ಹೆಗಲಿಗೆ ಹೊಸ ಕ್ಯಾಮೆರಾ. "ತಾತಾ, ಈ ವರ್ಷ ಫೋಟೋ ತೆಗೆಯೋದಕ್ಕೇ ಅಂತ ಒಂದು ದೇಶಕ್ಕೆ ಹೋಗಬೇಕು. ಎಲ್ಲಿಗೆ ಹೋಗಲಿ, ನೀವೇ ಹೇಳಿ" ಎಂದು ಒಂದು ಪಟ್ಟಿ ತೋರಿಸಿದ. ಜಪಾನಿನ ಫುಜಿ ಪರ್ವತ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾದ ಹಾಲ್‌ಸ್ಟಾಟ್, ಅಮೆರಿಕದ ಯೋಸೆಮಿಟಿ. ರಾಯಚೂರು ದಾಟಿದರೆ ಪರದೇಶವೆಂದುಕೊಂಡಿದ್ದ ತಲೆಮಾರಿನವನು ನಾನು. ಆದರೂ ಹುಡುಗ ಕೇಳಿದನಲ್ಲ, ಉತ್ತರ ಹೇಳಬೇಕು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಬ್ಯಾಂಕಿನವರಿಗೆ ಎಲ್.ಎಫ್.ಸಿ. ಎಂಬ ಸೌಲಭ್ಯವಿದೆ. ರಜೆಯಲ್ಲಿ ಕುಟುಂಬದೊಂದಿಗೆ ಪ್ರಯಾಣ ಮಾಡಿದರೆ ಬ್ಯಾಂಕೇ ಖರ್ಚು ಕೊಡುತ್ತದೆ. ಆಗ ನಾವು ಗುಮಾಸ್ತರು ಊರನ್ನು ಹೇಗೆ ಆರಿಸುತ್ತಿದ್ದೆವು ಗೊತ್ತೇ? ಭಾರತದ ನಕ್ಷೆ ಬಿಡಿಸಿ, ಎಲ್ಲಕ್ಕಿಂತ ದೂರ ಯಾವುದು ಎಂದು ನೋಡುತ್ತಿದ್ದೆವು. ಹತ್ತಿರದ ಊರಿಗೆ ಹೋದರೆ ಸೌಲಭ್ಯ ವ್ಯರ್ಥವಾಯಿತೆಂಬ ಲೆಕ್ಕಾಚಾರ. ಹಾಗೆ 1988ರ ಮೇ ತಿಂಗಳಲ್ಲಿ, ಮಕ್ಕಳ ಶಾಲೆಗೆ ರಜೆ ಇದ್ದಾಗ, ಡಾರ್ಜಿಲಿಂಗಿಗೆ ಹೋದೆವು. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಆಗ್ಫಾ ಕ್ಲಿಕ್-3 ಕ್ಯಾಮೆರಾ ಇತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಎರಡು ರೋಲು ಒಯ್ದಿದ್ದೆ.

ಟೈಗರ್ ಹಿಲ್ ಮೇಲಿಂದ ಸೂರ್ಯೋದಯದ ಹೊತ್ತಿಗೆ ಕಾಂಚನಜುಂಗಾ ಶಿಖರ ಬಂಗಾರವಾಗುತ್ತದೆ ಎಂದು ಕ್ಯಾಲೆಂಡರಿನಲ್ಲಿ ನೋಡಿದ್ದೆ. ನಡುರಾತ್ರಿ ಎದ್ದು, ನಡುಗುವ ಮಕ್ಕಳಿಗೆ ಕಂಬಳಿ ಸುತ್ತಿ, ಜೀಪಿನಲ್ಲಿ ಹತ್ತಿದೆವು. 8,586 ಮೀಟರ್ ಎತ್ತರದ ಬೆಟ್ಟ ಎದುರಿಗೇ ಇದೆ, ಕಾಣುವುದು ಮಾತ್ರ ಮೋಡ. ಬೆಳಗಾಯಿತು, ಬಿಸಿಲೂ ಬಂತು, ಮೋಡ ಕದಲಲಿಲ್ಲ. ಅಲ್ಲಿ ಆಕಾಶ ತಿಳಿಯಾಗಿರುವುದು ಮಳೆಗಾಲ ಮುಗಿದ ಮೇಲೆ, ಅಕ್ಟೋಬರ್ ನವೆಂಬರಿನಲ್ಲಿ. ಕರೆದುಕೊಂಡು ಹೋದ ಏಜೆಂಟ್ ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಂದದ್ದಕ್ಕೆ ಗುರುತಿರಲಿ ಎಂದು ಮೋಡದ್ದೇ ನಾಲ್ಕು ಚಿತ್ರ ತೆಗೆದೆ. ಇಂದಿಗೂ ಆಲ್ಬಮ್ಮಿನಲ್ಲಿವೆ. ನೋಡಿದವರು ಇದೇನು, ಹತ್ತಿಯ ರಾಶಿಯೇ ಎಂದು ಕೇಳುತ್ತಾರೆ.

ಅದಕ್ಕೇ ಹುಡುಗನಿಗೆ ಹೇಳಿದೆ: ಊರು ಆರಿಸುವ ಮೊದಲು ತಿಂಗಳು ಆರಿಸು. ಫುಜಿ ಪರ್ವತ 3,776 ಮೀಟರ್ ಎತ್ತರವಿದ್ದರೂ ಬೇಸಿಗೆಯಲ್ಲಿ ದಿನಗಟ್ಟಲೆ ಮುಖ ತೋರಿಸುವುದಿಲ್ಲ. ಚಳಿಗಾಲದ ಬೆಳಗಿನಲ್ಲಿ ಚೆನ್ನಾಗಿ ಕಾಣುತ್ತದೆ. ಯೋಸೆಮಿಟಿಯಲ್ಲಿ ಹಾರ್ಸ್‌ಟೇಲ್ ಎಂಬ ಜಲಪಾತವಿದೆ. ಫೆಬ್ರವರಿ ತಿಂಗಳ ನಡುಭಾಗದಿಂದ ಕೆಲವೇ ದಿನ, ಮುಳುಗುವ ಸೂರ್ಯನ ಬೆಳಕು ಬಿದ್ದು, ಅದು ಬಂಡೆಯ ಮೇಲಿಂದ ಕೆಂಡ ಸುರಿದಂತೆ ಹೊಳೆಯುತ್ತದೆ. ಅದೂ ನೀರು ಹರಿಯುತ್ತಿದ್ದು, ಪಡುವಣದಲ್ಲಿ ಮೋಡವಿಲ್ಲದಿದ್ದರೆ. ಉಳಿದ ದಿನಗಳಲ್ಲಿ ನೀರಿದ್ದರೂ ಅದೊಂದು ಸಣ್ಣ ಜಲಪಾತ, ಅಷ್ಟೇ.

ಇನ್ನು ಎಲ್ಲರೂ ತೆಗೆದ ಜಾಗದಲ್ಲೇ ನಿಂತು ತೆಗೆಯುವ ಚಪಲ. 2024ರ ಮೇ ತಿಂಗಳಲ್ಲಿ ಫುಜಿಕವಾಗುಚಿಕೊ ಎಂಬ ಊರಿನವರು ಏನು ಮಾಡಿದರು ಕೇಳಿ. ಅಲ್ಲಿ ಒಂದು ಅಂಗಡಿಯ ಮಾಡಿನ ಮೇಲೆ ಫುಜಿ ಕೂತಂತೆ ಕಾಣುತ್ತದೆ. ಆ ಚಿತ್ರಕ್ಕಾಗಿ ಜನ ರಸ್ತೆಗೆ ನುಗ್ಗಿ, ಕಸ ಚೆಲ್ಲಿ, ಊರವರ ತಾಳ್ಮೆ ಕೆಡಿಸಿದ್ದರು. ಊರಿನ ಆಡಳಿತ ಇಪ್ಪತ್ತು ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿ ಬೆಟ್ಟವನ್ನೇ ಮರೆಮಾಡಿತು. ಆಗಸ್ಟ್‌ನಲ್ಲಿ ಬಿಚ್ಚಿದರು, ಆ ಮಾತು ಬೇರೆ. ಹಾಲ್‌ಸ್ಟಾಟ್‌ನಲ್ಲೂ 2023ರಲ್ಲಿ ಹೀಗೇ ಹಲಗೆಯ ಬೇಲಿ ಹಾಕಿದ್ದರು. ಅಲ್ಲಿರುವ ಜನ ಸಾವಿರದೊಳಗೆ, ನಮ್ಮ ಒಂದು ಸಣ್ಣ ಹಳ್ಳಿಯಷ್ಟು. ನಮ್ಮ ಮನೆಯ ಮುಂದೆ ದಿನವೂ ಸಾವಿರಾರು ಜನ ಕ್ಯಾಮೆರಾ ಹಿಡಿದು ನಿಂತರೆ ನಾವೇನು ಮಾಡುತ್ತಿದ್ದೆವು? ಬೇಲಿಗೆ ನಿಲ್ಲುತ್ತಿರಲಿಲ್ಲ ಅನ್ನಿಸುತ್ತದೆ.

ಹಾಗಾದರೆ ಯಾವ ಜಾಗ ಒಳ್ಳೆಯದು? ಮತ್ತೆ ಮತ್ತೆ ಹೋಗಲು ಆಗುವ ಜಾಗ. ಹಂಪಿಯನ್ನೇ ತೆಗೆದುಕೊಳ್ಳಿ. ಹಂಪಿ ನಮಗೆ ಹೊರಗಿನದಲ್ಲ, 1953ರ ಅಕ್ಟೋಬರ್ 1ರವರೆಗೆ ಆದವಾನಿ, ಆಲೂರು, ಹೊಸಪೇಟೆ ಎಲ್ಲ ಒಂದೇ ಬಳ್ಳಾರಿ ಜಿಲ್ಲೆಯಲ್ಲಿದ್ದವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಪೆಟ್ಟಿಗೆಯಂಥ ದೊಡ್ಡ ಕ್ಯಾಮೆರಾ ಸಾಗಿಸಿಕೊಂಡು ಬಂದು, ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಗುಡಿಗಳನ್ನು ಹಿಡಿದ. ನೂರಿಪ್ಪತ್ತೇಳು ವರ್ಷದ ನಂತರ, 1983ರಲ್ಲಿ, ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ನಿಮ್ಮ ಜೇಬಿನಲ್ಲಿ ಐವತ್ತರ ಹೊಸ ನೋಟಿದ್ದರೆ ತಿರುಗಿಸಿ ನೋಡಿ. 2017ರಿಂದ ಅದರ ಹಿಂಬದಿ ಹಂಪಿಯ ಕಲ್ಲಿನ ರಥವಿದೆ. ಎಷ್ಟೋ ಕಟ್ಟು ಎಣಿಸಿದ ಕೈ ನನ್ನದು. ಗ್ರೀನ್‌ಲಾ ತೆಗೆದ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವಿದೆ. ಇಂದು ಅದಿಲ್ಲ. ಆತ ತೆಗೆಯದಿದ್ದರೆ ಅದು ಹೇಗಿತ್ತೆಂದು ನಾವು ಕಣ್ಣಾರೆ ನೋಡುವುದು ಹೇಗೆ?

ಮರುದಿನ ನಸುಕಿನಲ್ಲಿ ಹುಡುಗನನ್ನು ರಣಮಂಡಲ ಗುಡ್ಡಕ್ಕೆ ಕರೆದೊಯ್ದೆ. ನನ್ನ ಮೊಣಕಾಲು ಬೇಡವೆಂದಿತು, ಆದರೂ ಹತ್ತಿದೆ. ಬೆಳಗಿನ ಎಳೆಬಿಸಿಲಿಗೆ ತೆಲುಗಿನಲ್ಲಿ ನೀರೆಂಡ ಎನ್ನುತ್ತಾರೆ, ಎಷ್ಟು ಚೆಂದದ ಮಾತು! ಆ ಬಿಸಿಲು ಅಡ್ಡಡ್ಡ ಬಿದ್ದಾಗ ನಮ್ಮ ಬಂಡೆಗಳ ಒಂದೊಂದು ಬಿರುಕೂ, ಒಂದೊಂದು ಉಬ್ಬೂ ಎದ್ದು ಕಾಣುತ್ತದೆ. ಹನ್ನೆರಡು ಗಂಟೆಗೆ ಅದೇ ಬಂಡೆ ಸುಣ್ಣ ಬಳಿದಂತೆ ಸಪ್ಪೆ. ಕೋಟೆಯ ಬಾರಾಕಿಲ್ಲ, ತಾಳಿಬಂಡ ಗುಡ್ಡಗಳಿಗೆ ಬೆಳಕು ಹೇಗೆ ಇಳಿಯುತ್ತದೆ, ಹತ್ತಿಯ ಗಾಡಿ ಮಾರುಕಟ್ಟೆಗೆ ಬರುವ ತಿಂಗಳು ಯಾವುದು ಎಂಬುದು ಇಲ್ಲಿ ಹುಟ್ಟಿದವನಿಗೆ ತಿಳಿದಷ್ಟು ಟೋಕಿಯೋದಿಂದ ಬಂದವನಿಗೆ ತಿಳಿಯದು. ಅವನು ಬಂದು ಮೂರು ದಿನ ಇರುತ್ತಾನೆ. ನಮಗೆ ಮುನ್ನೂರ ಅರವತ್ತೈದು ದಿನವೂ ಇದೆ.

ಇದನ್ನೆಲ್ಲ ಈಗ ಹೇಳುತ್ತೇನೆ. ಆಗ ನನಗೇ ತಿಳಿದಿರಲಿಲ್ಲ.

ಡಾರ್ಜಿಲಿಂಗಿನಿಂದ ಬಂದಾಗ ಎರಡನೆಯ ರೋಲಿನಲ್ಲಿ ಒಂದು ಚಿತ್ರ ಉಳಿದಿತ್ತು. ಕಾರಹುಣ್ಣಿಮೆಗೆ ಅಕ್ಕನ ಊರಿಗೆ ಹೋದೆ. ತುಂಗಭದ್ರೆಯ ದಂಡೆಯ ಹಳ್ಳಿ ಅದು. ಮಣ್ಣಿನ ಮಾಳಿಗೆ ಮನೆ, ತೆಲುಗಿನವರು ಮಿದ್ದೆ ಎನ್ನುತ್ತಾರಲ್ಲ, ಅದು. ಅಕ್ಕ ಕ್ಯಾಮೆರಾ ನೋಡಿ, "ಮನೀದೊಂದು ಫೋಟೋ ತಗಿಯೋ ತಮ್ಮಾ, ಕಟ್ಟಿ ಮ್ಯಾಲೆ ಎಲ್ಲಾರೂ ಕುಂದರ್ತೀವಿ" ಎಂದಳು. "ಇರೋದು ಒಂದೇ ಐತಕ್ಕಾ. ಮನೆ ಎಲ್ಲಿಗೆ ಹೋಗ್ತದೆ, ಮುಂದಿನ ಸಲ ತಗದರಾತು" ಎಂದೆ. ರೋಲು ಮುಗಿಸಿದರೆ ತೊಳೆಯಲು ಕೊಡಬಹುದಲ್ಲ ಎಂದು, ಅವಳು ಜೋಳ ಕೇರುತ್ತಿದ್ದಾಗ ಹಾಗೇ ಒಂದು ಒತ್ತಿದೆ.

ಆಮೇಲೆ ಇಪ್ಪತ್ತೊಂದು ವರ್ಷ ಆ ಮನೆಗೆ ಹೋಗಿ ಬಂದೆ. ಊಟಿಯ ಚಿತ್ರ ತೆಗೆದೆ, ಕನ್ಯಾಕುಮಾರಿಯದು ತೆಗೆದೆ. ಮುಂದಿನ ಸಲ ಮಾತ್ರ ಬರಲಿಲ್ಲ. 2009ರ ಗಾಂಧಿ ಜಯಂತಿಯ ಹೊತ್ತಿಗೆ ಹೊಳೆ ಬಂದದ್ದು ನಿಮಗೆಲ್ಲ ನೆನಪಿದೆ. ಮಂತ್ರಾಲಯದ ಮಠದೊಳಗೇ ನೀರು ನುಗ್ಗಿತ್ತು, ಕರ್ನೂಲು ಮುಳುಗಿತ್ತು. ಅಕ್ಕನ ಮನೆಯವರು ಉಟ್ಟ ಬಟ್ಟೆಯಲ್ಲಿ ದಿಬ್ಬಕ್ಕೆ ಓಡಿ ಬದುಕಿದರು. ನೀರಿಳಿದ ಮೇಲೆ ಹೋಗಿ ನೋಡಿದೆ. ಗೋಡೆ ಇದ್ದಲ್ಲಿ ಕೆಸರಿನ ಗುಡ್ಡೆ. ಬಾಗಿಲು ಯಾವ ದಿಕ್ಕಿಗಿತ್ತೆಂದು ಗುರುತಿಸಲು ನನಗೆ ಹೊತ್ತು ಹಿಡಿಯಿತು. ಮನೆಯಲ್ಲಿದ್ದ ಮದುವೆಯ ಫೋಟೋ, ಭಾವನ ಫೋಟೋ ಎಲ್ಲ ಹೋದವು.

ಉಳಿದದ್ದು ನನ್ನ ಆಲ್ಬಮ್ಮಿನ ಆ ಕೊನೆಯ ಚಿತ್ರ. ಸಂಕ್ರಾಂತಿಯ ಸಂಜೆ ಹುಡುಗ ಅದನ್ನು ತನ್ನ ಕಂಪ್ಯೂಟರಿಗೆ ಏರಿಸಿ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದ. ಅವಳಿಗೀಗ ಎಂಬತ್ತರ ಹತ್ತಿರ. ತನ್ನನ್ನು ನೋಡಿಕೊಳ್ಳಲೇ ಇಲ್ಲ. ಹಿಂದೆ ಅರ್ಧ ಕಾಣುವ ಬಾಗಿಲ ಮೇಲೆ ಬೆರಳಿಟ್ಟು, "ಇದು ನಮ್ಮತ್ತಿ ದೀಪ ಇಡ್ತಿದ್ದ ಗೂಡು, ಇಲ್ಲಿ ನಿಮ್ಮಪ್ಪ ಹುಟ್ಟಿದ ಕ್ವಾಣಿ" ಎಂದು ಹುಡುಗನಿಗೆ ಹೇಳುತ್ತಾ ಹೋದಳು. ಕ್ವಾಣಿ ಚಿತ್ರದಲ್ಲಿಲ್ಲ, ಅಂಚಿನಾಚೆ ಎಲ್ಲೋ ಇದೆ. ಅವಳು ಬೆರಳನ್ನು ಅಲ್ಲಿಗೂ ಒಯ್ದಳು.

ಹುಡುಗ ಜಪಾನಿಗೆ ಡಿಸೆಂಬರಿನ ಟಿಕೆಟ್ ನೋಡುತ್ತಿದ್ದಾನೆ. ಅಕ್ಕ ಮಾತ್ರ ನನ್ನನ್ನು ಬಿಟ್ಟಿಲ್ಲ. "ಒಂದೇ ತಗದಿ, ಅದರಾಗೂ ನಾನು ಕಣ್ಣು ಮುಚ್ಚೀನಿ" ಎನ್ನುತ್ತಾಳೆ.