ಹೊಸ ಮೋಟಾರುಸೈಕಲ್ಲಿನ ಮಜ್ಜನ

ಶುಚಿಗೊಳಿಸುವ ಕೆಲಸಕ್ಕೆ ಕನ್ನಡದಲ್ಲಿ ಎಷ್ಟೊಂದು ಕ್ರಿಯಾಪದಗಳಿವೆ! ಅರಿವೆಯನ್ನು ಒಗೆಯುತ್ತೇವೆ, ಪಾತ್ರೆಯನ್ನು ಬೆಳಗುತ್ತೇವೆ, ನೆಲವನ್ನು ಸಾರಿಸುತ್ತೇವೆ, ಎತ್ತಿನ ಮೈ ತೊಳೆಯುತ್ತೇವೆ. ಒಂದಕ್ಕೆ ಸಲ್ಲುವ ಕ್ರಿಯೆ ಇನ್ನೊಂದಕ್ಕೆ ಸಲ್ಲದು. ಹೊಸ ಮೋಟಾರುಸೈಕಲ್ಲಿಗೆ ಸಲ್ಲುವುದು ಯಾವುದು? ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಈ ಉಸಾಬರಿ ಏಕೆಂದು ತಾವು ನಗಬಹುದು. ಆದರೆ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಹಳ್ಳಿಗಳಲ್ಲಿ ಕಬ್ಬಿನ ಬಿಲ್ಲು ಕೈಸೇರಿದೊಡನೆ ಎಷ್ಟೋ ಮನೆಗಳಿಗೆ ಬರುವ ವಸ್ತು ಇದೇ. ಸಾಲದ ಕಂತು ತೀರುವ ಮೊದಲೇ ಅದರ ಬಣ್ಣ ಮಾಸಿದ್ದನ್ನು ಕಂಡಿದ್ದೇನೆ. ಓಡಾಟದಿಂದಲ್ಲ, ಅತಿಪ್ರೀತಿಯ ತಿಕ್ಕಾಟದಿಂದ.

ಕೃಷ್ಣೆಯ ದಂಡೆಯ ಎರೆಮಣ್ಣು ಹಸಿಯಾದಾಗ ಅಂಟು, ಒಣಗಿದಾಗ ಕಲ್ಲು. ಅದರೊಡನೆ ಸಣ್ಣ ಉಸುಕಿನ ಕಣಗಳಿರುತ್ತವೆ. ನುರಿಸುವ ಹಂಗಾಮಿನಲ್ಲಿ ಕಾರ್ಖಾನೆಯ ಚಿಮಣಿಯಿಂದ ಉದುರುವ ಬೂದಿಯೂ ಅದಕ್ಕೆ ಜೊತೆಯಾಗುತ್ತದೆ. ಇಂಥ ಧೂಳನ್ನು ಹಳೆಯ ಧೋತರದ ಚಿಂದಿಯಿಂದ ಒಣಗಿದ್ದಂತೆಯೇ ಒರೆಸುವುದೆಂದರೆ ಬಡಿಗನ ಸ್ಯಾಂಡ್‌ಪೇಪರು ಹಿಡಿದಂತೆಯೇ ಸರಿ. ಆದುದರಿಂದ ಮೊದಲು ಧಾರಾಳ ನೀರು. ಮಣ್ಣು ತಾನಾಗಿ ನೆನೆದು ಇಳಿಯಲಿ. ಕಾರಹುಣ್ಣಿಮೆಯಲ್ಲಿ ಎತ್ತಿನ ಮೈ ತೊಳೆಯುವವನಿಗೆ ಈ ತಾಳ್ಮೆಯನ್ನು ಯಾರೂ ಕಲಿಸಬೇಕಿಲ್ಲ. ಎಂಜಿನ್ನು ತಣ್ಣಗಾಗಿರಬೇಕು, ಗಾಡಿ ನೆರಳಿನಲ್ಲಿರಬೇಕು. ನೀರು ರಭಸವಾಗಿ ಚಿಮ್ಮುವ ಯಂತ್ರವನ್ನು ಗಾಲಿಯ ಬೇರಿಂಗಿಗೂ ವಿದ್ಯುತ್ತಿನ ತಂತಿಗಳಿಗೂ ಗುರಿಯಿಡಬಾರದು.

ಇನ್ನು ಸಾಬೂನು. ಬಟ್ಟೆ ಒಗೆಯುವ ಪುಡಿಯನ್ನೇ ಬಕೆಟ್ಟಿಗೆ ಸುರಿಯುವ ರೂಢಿ ಎಲ್ಲೆಡೆ ಇದೆ. ಆ ಪುಡಿಯಲ್ಲಿ ಸೋಡಾದ ಕ್ಷಾರವುಂಟು. ಅದು ಬಣ್ಣದ ಮೇಲಿನ ಮೇಣವನ್ನು ತೆಗೆಯುತ್ತದೆ, ಎಂಜಿನ್ನಿನ ಅಲ್ಯೂಮಿನಿಯಂ ಹೊದಿಕೆಯನ್ನು ಮಂಕಾಗಿಸುತ್ತದೆ. ನಮ್ಮ ತಾಯಂದಿರು ತಾಮ್ರದ ಕೊಡಕ್ಕೆ ಹುಣಿಸೆಹಣ್ಣನ್ನು ಆರಿಸಿಕೊಂಡದ್ದು ಲೋಹದ ಗುಣವನ್ನು ಅರಿತೇ. ಆ ವಿವೇಕ ಇಲ್ಲಿಯೂ ಬೇಕು. ವಾಹನಕ್ಕೆಂದೇ ದೊರೆಯುವ ಶಾಂಪೂ ಉತ್ತಮ. ಒಂದು ಬಕೆಟ್ಟಿನಲ್ಲಿ ಅದರ ನೊರೆ, ಇನ್ನೊಂದರಲ್ಲಿ ಅರಿವೆ ಹಿಂಡಲು ಬರಿಯ ನೀರು ಇರಲಿ. ತೊಳೆದ ಉಸುಕು ಮರಳಿ ಗಾಡಿಯ ಮೈಗೆ ಹತ್ತದು. ನೀರಾವರಿಯಿಂದ ಸವಳಾದ ಊರುಗಳಲ್ಲಿ ಕೊಳವೆಬಾವಿಯ ನೀರಿಗೂ ಉಪ್ಪಿನ ಗುಣ. ತಾನಾಗಿ ಆರಲು ಬಿಟ್ಟರೆ ಬಿಳಿ ಕಲೆ ನಿಲ್ಲುತ್ತದೆ. ಮೆತ್ತನೆಯ ಅರಿವೆಯಿಂದ ಒಡನೆಯೇ ಒತ್ತಿ ತೆಗೆಯಬೇಕು. ನಿಪ್ಪಾಣಿಯ ಹೆದ್ದಾರಿಯಲ್ಲಿ ಓಡುವವರಿಗೆ ಡಾಂಬರಿನ ಚುಕ್ಕೆಗಳ ಕಾಟ. ಚಿಮಣಿ ಎಣ್ಣೆ ತಾಗಿಸಿದ ಬಟ್ಟೆಯಿಂದ ಅವನ್ನು ಮೆಲ್ಲಗೆ ತೆಗೆದು, ಆ ಜಾಗವನ್ನು ಮತ್ತೆ ತೊಳೆದರಾಯಿತು.

ತೊಳೆದ ಮೇಲೆ ಡೀಸೆಲ್ ಎರಚಿ ಹೊಳಪು ಕೊಡುವ ಚಾಳಿಯೊಂದಿದೆ. ನನಗಂತೂ ಅದನ್ನು ಕಂಡರೆ ಆಗದು. ಹೊಳಪು ಎರಡು ದಿನ. ಅನಂತರ ಧೂಳೆಲ್ಲ ಅಲ್ಲಿಯೇ ಮೆತ್ತಿಕೊಳ್ಳುತ್ತದೆ, ರಬ್ಬರು ಕೆಡುತ್ತದೆ. ಅದರ ಒಂದು ಹನಿ ಬ್ರೇಕಿನ ತಟ್ಟೆಯ ಮೇಲೆ ಬಿದ್ದರೆ ಪ್ರಾಣಕ್ಕೇ ಸಂಚಕಾರ. ಮೇಣದ ಪಾಲೀಶನ್ನೂ ಬ್ರೇಕಿಗೆ, ಟಾಯರಿನ ನೆಲ ತಾಗುವ ಭಾಗಕ್ಕೆ, ಸೀಟಿಗೆ ಸೋಕಿಸಬಾರದು. ಈಚೆಗೆ ಬರುತ್ತಿರುವ ಹೊಳಪಿಲ್ಲದ ಬಣ್ಣದ ಗಾಡಿಗಳಿಗೆ ಪಾಲೀಶೇ ನಿಷಿದ್ಧ. ಹಚ್ಚಿದಲ್ಲಿ ಜಿಡ್ಡಿನಂಥ ಕಲೆ ಉಳಿಯುತ್ತದೆ.

ಹಾಗಾದರೆ ತಿಕ್ಕುವುದೇ ಬೇಡವೇ? ಸರಪಳಿಯನ್ನು ತಿಕ್ಕಬೇಕು. 1996ರಲ್ಲಿ ಮುಚ್ಚಿದ ಮೈಸೂರಿನ ಕಾರ್ಖಾನೆಯಿಂದ ಬರುತ್ತಿದ್ದ ಹಳೆಯ ಜಾವಾ ಗಾಡಿಗಳಲ್ಲಿ ಸರಪಳಿ ಪೂರ್ತಿ ಕವಚದೊಳಗಿತ್ತು. ಇಂದಿನ ಅನೇಕ ಗಾಡಿಗಳಲ್ಲಿ ಅದು ಬಯಲಿಗೆ ಬಿದ್ದಿದೆ, ಎರೆಯೆಲ್ಲ ಅಲ್ಲಿಗೇ. ಚಿಮಣಿ ಎಣ್ಣೆ, ಮೆತ್ತನೆಯ ಬ್ರಷ್ಷು ಸಾಕು. ಪೆಟ್ರೋಲು ಬೇಡ, ಕೊಂಡಿಗಳ ನಡುವಿನ ರಬ್ಬರಿನ ಉಂಗುರಗಳನ್ನು ಕೆಡಿಸುವುದಲ್ಲದೆ ಬೆಂಕಿಯ ಭಯವೂ ಉಂಟು. ಎಂಜಿನ್ನು ಚಾಲೂ ಇಟ್ಟು, ಗಾಲಿ ತಿರುಗುತ್ತಿರುವಾಗ ಸರಪಳಿಗೆ ಅರಿವೆ ಹಿಡಿಯುವ ಹುಡುಗರಿದ್ದಾರೆ. ಅರಿವೆಯೊಡನೆ ಬೆರಳೂ ಹಲ್ಲುಗಾಲಿಗೆ ಸಿಕ್ಕಿ ಕತ್ತರಿಸಿಹೋಗುತ್ತದೆ. ಎಂಜಿನ್ನು ನಿಲ್ಲಿಸಿ, ಗೇರು ಬಿಡಿಸಿ, ಗಾಲಿಯನ್ನು ಕೈಯಿಂದಲೇ ತಿರುಗಿಸಬೇಕು. ಒರೆಸಿ ಒಣಗಿಸಿದ ಮೇಲೆ ಸರಪಳಿಯ ಎಣ್ಣೆ ಬಿಡಬೇಕು.

ಎತ್ತಿನಂತೆ ಗಾಡಿಯನ್ನೂ ಹೊಳೆಗೆ ಇಳಿಸುವವರುಂಟು. ಎತ್ತಿನ ಮೈಯಲ್ಲಿ ಎಂಜಿನ್ ಎಣ್ಣೆ ಇರಲಿಲ್ಲ. ಕೃಷ್ಣೆ, ದೂಧಗಂಗೆಗಳ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. ಮನೆಯ ಅಂಗಳದಲ್ಲಿ ತೊಳೆದು, ಸರಪಳಿಯಿಂದ ಇಳಿದ ಕರಿಯೆಣ್ಣೆಯನ್ನು ತಟ್ಟೆಯಲ್ಲಿ ಹಿಡಿದು, ಗ್ಯಾರೇಜಿನ ಹಳೆಯ ಎಣ್ಣೆಯ ಡಬ್ಬಿಗೆ ಕೊಟ್ಟುಬರುವುದು ದೊಡ್ಡ ಶ್ರಮವೇನಲ್ಲ. ಹಾಗೆ ಹೋಗುವಾಗ ಓಣಿಯಲ್ಲಿಯೇ ಗಾಡಿಯನ್ನು ಮೆಲ್ಲಗೆ ಓಡಿಸಿ, ಎರಡು ಮೂರು ಸಲ ಬ್ರೇಕು ಅದುಮಿ ನೋಡಬೇಕು. ಬ್ರೇಕಿನ ತೇವ ಆರಿದ ಮೇಲೆಯೇ ದೊಡ್ಡ ರಸ್ತೆಗೆ ಇಳಿಯತಕ್ಕದ್ದು.